ಉರಿಯದ ಮೂರು ದೀಪ

ಕಂಪನಿಯಲ್ಲಿ ಎಲ್ಲರೂ ಅವರನ್ನು ಎದುರಿಗೆ ಕ್ಯಾಪ್ಟನ್ ಸಾರ್ ಅನ್ನುತ್ತಿದ್ದರು, ಬೆನ್ನು ತಿರುಗಿದರೆ ನಿಧಾನಪ್ಪ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಬಲು ಸರಿಯಾಗಿ ಇಟ್ಟಿದ್ದರು. ಸಹಿ ಹಾಕುವ ಮುಂಚೆ ಪೆನ್ನಿನ ಮೂತಿ ನೋಡುವ ಮನುಷ್ಯ. "ತಿಂಡಿ ಆಯ್ತಾ ಸಾರ್?" ಅಂತ ಕೇಳಿದರೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ "ಆಯ್ತು" ಅನ್ನುವವರು. ಆ ಗಳಿಗೆಯಲ್ಲಿ ಅವರು ತಿಂಡಿ ತಿಂದದ್ದನ್ನು ನಿಜವಾಗಿಯೂ ನೆನಪು ಮಾಡಿಕೊಂಡು ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾವೆಲ್ಲ ಬಾಯಿಗೆ ಬಂದದ್ದು ಹೇಳುವ ಕಡೆ ಅವರು ನೋಡಿ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಾನು ಅವರ ಬಲಗಡೆ ಸೀಟಿನಲ್ಲಿ ಕೂರುತ್ತಿದ್ದ ಸಹ ಪೈಲಟ್. ಆಗ ನನಗೆ ಇಪ್ಪತ್ತೊಂಬತ್ತು, ಅವರಿಗೆ ಐವತ್ತೊಂಬತ್ತು ದಾಟಿತ್ತು, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಅವರ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ, ಒಂದೇ ಬಾಗಿಲಿನ ಅಂಗಡಿಯಲ್ಲಿ. ಇವರು ಮೊದಲು ಟಪಾಲು ಚೀಲ ಸಾಗಿಸುವ ಪುಟ್ಟ ವಿಮಾನ ಹಾರಿಸಿ, ಆಮೇಲೆ ಸರಕು, ಆಮೇಲೆ ಜನ. ಒಟ್ಟು ಮೂವತ್ತನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ವಿಮಾನಕ್ಕೆ ಒಂದು ಗೀರು ಆಗಿರಲಿಲ್ಲ. ಆದರೆ ಬೈಸಿಕೊಂಡದ್ದು ಬೇಕಾದಷ್ಟು. ಒಮ್ಮೆ ಮಂಜಿನಲ್ಲಿ ಮೂರು ಸಲ ನೆಲದ ಹತ್ತಿರ ಬಂದು ಮೂರು ಸಲವೂ ಇಳಿಸದೆ ಮೇಲೆತ್ತಿ, ಕೊನೆಗೆ ಬೇರೆ ಊರಿಗೆ ಹೋಗಿ ಇಳಿಸಿದ್ದರು. ಅದೇ ಗಂಟೆಯಲ್ಲಿ ಬೇರೆ ಕಂಪನಿಯ ಐದು ವಿಮಾನ ಇಲ್ಲೇ ಇಳಿದಿದ್ದವು. ಕಾರಣ ಕೇಳಿ ಕಾಗದ ಬಂತು. ಇವರ ಉತ್ತರ ಎರಡೇ ಸಾಲು: ದೀಪ ಕಾಣಲಿಲ್ಲ. ಅದಕ್ಕೇ ಇಳಿಸಲಿಲ್ಲ.

ದೀಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಟ್ಟ ಮಂಜಿದ್ದಾಗ ದೊಡ್ಡ ವಿಮಾನವನ್ನು ನಾವು ಇಳಿಸುವುದಿಲ್ಲ, ಅದೇ ಇಳಿಯುತ್ತದೆ. ನೆಲದಿಂದ ಬರುವ ರೇಡಿಯೊ ಕಿರಣವನ್ನು ಹಿಡಿದುಕೊಂಡು ಬಂದು, ತಾನೇ ಮೂಗು ಎತ್ತಿ, ತಾನೇ ಚಕ್ರ ಊರಿ, ತಾನೇ ರನ್‌ವೇ ನಡುವೆ ನಿಲ್ಲುತ್ತದೆ. ನೋಡುವವರಿಗೆ ಅದು ಚೆಂದ ಅನ್ನಿಸಬಹುದು. ಒಳಗೆ ಕೂತವರಿಗೆ ಹಾಗಲ್ಲ. ಎದುರಿನ ಸ್ಟೀರಿಂಗು ಯಾರೂ ಮುಟ್ಟದೆ ಅತ್ತಿತ್ತ ಅಲುಗಾಡುತ್ತದೆ, ಎಂಜಿನ್ನಿನ ಲಿವರುಗಳು ತಾವಾಗಿ ಹಿಂದೆ ಮುಂದೆ ಜಾರುತ್ತವೆ. ನಾವಿಬ್ಬರು ಕೂತಿದ್ದೇವೆ, ಮೂರನೆಯವರು ಯಾರೋ ಓಡಿಸುತ್ತಿದ್ದಾರೆ. 

ಹಾಗಿದ್ದಮೇಲೆ ಮನುಷ್ಯನಿಗೆ ಏನು ಕೆಲಸ? ಒಂದೇ ಒಂದು ಮಾತಿನ ಕೆಲಸ. ನೆಲ ಐವತ್ತು ಅಡಿ ಇರುವಾಗ ಕ್ಯಾಪ್ಟನ್ ಹೊರಗೆ ನೋಡಿ, ಸಾಲಾಗಿ ಮೂರು ದೀಪವಾದರೂ ಕಂಡರೆ ಕಾಣ್ತು ಅನ್ನಬೇಕು. ಕಾಣದಿದ್ದರೆ ಕಾಣ್ಲಿಲ್ಲ ಅಂದು ವಿಮಾನವನ್ನು ಮತ್ತೆ ಮೇಲೆತ್ತಬೇಕು. ಯೋಚನೆಗೆ ಸಿಗುವುದು ಅರ್ಧ ಸೆಕೆಂಡು. ಆ ಹೊತ್ತಿನಲ್ಲಿ ಸಹ ಪೈಲಟ್ ಹೊರಗೆ ನೋಡಲೇಬಾರದು. ನಮ್ಮ ಕಣ್ಣು ಮೀಟರುಗಳ ಮೇಲಿರಬೇಕು, ವಿಮಾನ ಪೂರ್ತಿ ನಿಲ್ಲುವ ತನಕ. ಒಬ್ಬರು ಒಳಗೆ, ಒಬ್ಬರು ಹೊರಗೆ. ಇಬ್ಬರೂ ಹೊರಗೆ ಇಣುಕಿದರೆ ಯಂತ್ರ ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ದೀಪ ಕಂಡಿತೋ ಇಲ್ಲವೋ ಅನ್ನುವುದಕ್ಕೆ ಇಡೀ ವಿಮಾನದಲ್ಲಿ ಒಬ್ಬರೇ ಸಾಕ್ಷಿ.

ಅಂಥ ಸಾಕ್ಷಿಗೆ ಇವರಿಗಿಂತ ಒಳ್ಳೆಯವರು ಇರಲಿಲ್ಲ. ಹೊರಡುವ ಮುಂಚೆ ಸೀಟಿನ ಎತ್ತರವನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದರು. "ಸೀಟು ಒಂದು ಬೆರಳು ತಗ್ಗಿದ್ರೆ ಒಂದು ದೀಪ ವಿಮಾನದ ಮೂಗಿನ ಕೆಳಗೆ ಹೋಗ್ಬಿಡುತ್ತೆ ಕಣಮ್ಮ" ಅನ್ನುತ್ತಿದ್ದರು. ಅವರ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್, ಬಾಯಿ ಸ್ವಲ್ಪ ಚುರುಕು. ನಾನು ಮೊದಲ ಸಲ ಮನೆಗೆ ಹೋದಾಗ "ಅಕ್ಕ ಅಂತ ಕರಿ, ಆಂಟಿ ಅಂದ್ರೆ ಟೀ ಕೊಡಲ್ಲ" ಅಂದಿದ್ದರು. "ನೂರಾರು ಜನರ ಪ್ರಾಣ ಇವರ ಕಣ್ಣಲ್ಲಿದೆಯಂತೆ. ಮನೇಲಿ ಮೂಗಿನ ಮುಂದಿರೋ ಉಪ್ಪಿನ ಡಬ್ಬಿ ಇವರಿಗೆ ಕಾಣಲ್ಲ, ಗೊತ್ತಾ?" ಅಂತ ನಗುತ್ತಿದ್ದರು. ಇವರು ನಿಧಾನವಾಗಿ ಉಪ್ಪಿನ ಡಬ್ಬಿಯನ್ನು ಹುಡುಕಿ, ಮುಚ್ಚಳ ತೆಗೆದು ನೋಡಿ, "ಇದೇ" ಅನ್ನುತ್ತಿದ್ದರು.

ಆ ಬೆಳಿಗ್ಗೆ ಏಳು ಗಂಟೆಗೆ ನಾವು ಮಂಜಿನ ಮೇಲೆ ಸುತ್ತು ಹೊಡೆಯುತ್ತಿದ್ದೆವು. ಮೇಲೆ ಒಳ್ಳೇ ಬಿಸಿಲು, ಕೆಳಗೆ ಹತ್ತಿ ಹರಡಿದ ಹಾಗೆ ಬಿಳುಪು. ಹಿಂದೆ ನೂರ ಎಂಬತ್ತು ಜನ. ನೆಲದಲ್ಲಿ ಇನ್ನೂರು ಮೀಟರಿನಾಚೆ ಏನೂ ಕಾಣುತ್ತಿಲ್ಲ ಅಂತ ಟವರಿನವರು ತಿಳಿಸಿದ್ದರು. ನಮ್ಮ ಸರದಿ ಬಂತು. ಇಳಿಯತೊಡಗಿದೆವು. ಮಂಜಿನೊಳಗೆ ಹೋದಾಗ ಬಿಸಿಲು ಯಾರೋ ಬಾಗಿಲು ಹಾಕಿದಂತೆ ಮಾಯವಾಯಿತು. ಸ್ಟೀರಿಂಗು ಅಲುಗಾಡತೊಡಗಿತು. ಯಂತ್ರದ ದನಿ ಎತ್ತರವನ್ನು ಹೇಳುತ್ತಾ ಬಂತು. ಐನೂರು. ಇನ್ನೂರು. ನೂರು.

ನಾನು ಮೀಟರು ನೋಡುತ್ತಿದ್ದೆ. ಎಲ್ಲವೂ ನಡುಗೆರೆಯ ಮೇಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಕಾಣ್ತು" ಅಂದರು ಅವರು. ಸಮಾಧಾನದ ದನಿ.

ಆಗ ನಾನು ಮಾಡಬಾರದ್ದು ಮಾಡಿದೆ. ಕಣ್ಣು ಎತ್ತಿ ಹೊರಗೆ ನೋಡಿದೆ. ಯಾಕೆ ಅಂತ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಕಳ್ಳಗಣ್ಣು, ಅಷ್ಟೇ. ಗಾಜಿನಾಚೆ ಒಂದೂ ದೀಪ ಇರಲಿಲ್ಲ. ಮೂರಲ್ಲ, ಎರಡಲ್ಲ, ಒಂದೂ ಇಲ್ಲ. ಬೂದುಬಿಳುಪು ಮಾತ್ರ ನಮ್ಮ ಮೇಲೆ ನುಗ್ಗಿ ಬರುತ್ತಿತ್ತು. ಬಾಯಿ ಬಿಡಬೇಕಿತ್ತು. ನನ್ನ ಕಣ್ಣು ಮೀಟರಿನ ಬೆಳಕಿಗೆ ಒಗ್ಗಿದೆ, ಅದಕ್ಕೇ ಕಾಣುತ್ತಿಲ್ಲ ಅಂದುಕೊಂಡೆ. ಅವರು ಕಾಣ್ತು ಅಂದಿದ್ದಾರೆ, ಅಂದಮೇಲೆ ಇದೆ ಅಂದುಕೊಂಡೆ. ಕಣ್ಣನ್ನು ಮತ್ತೆ ಮೀಟರಿಗೆ ಇಳಿಸಿದೆ. ಲಿವರುಗಳು ತಾವಾಗಿ ಹಿಂದೆ ಜಾರಿದವು, ಮೂಗು ತಾನಾಗಿ ಎದ್ದಿತು, ಚಕ್ರ ಎಷ್ಟು ಮೆತ್ತಗೆ ಊರಿತೆಂದರೆ ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ಇನ್ನೂ ಓಡುತ್ತಲೇ ಇದ್ದೆವು, ಟವರಿನ ಹೆಂಗಸಿನ ದನಿ ಬಂತು. ಉಸಿರು ಕಟ್ಟಿದ ದನಿ.

"ಈಗ ದೀಪ ಕಾಣ್ತಿದ್ಯಾ ನಿಮಗೆ?"

"ಕಾಣ್ತಿದೆ. ಮೊದಲಿಂದಲೂ ಕಾಣ್ತಿದೆ" ಅಂದರು ಇವರು.

"ಮೊದಲಿಂದ ಅಂದ್ರೆ?"

"ಐವತ್ತು ಅಡಿಯಿಂದ."

  ಟವರಿನ ದನಿ, ಎಡಕ್ಕೆ ತಿರುಗಿ, ಮುಂದಿನ ಜೀಪನ್ನು ಹಿಂಬಾಲಿಸಿ ಅಂತ ಮಾತ್ರ ಹೇಳಿತು.

ವಿಮಾನದಿಂದ ಇಳಿದು ಮೆಟ್ಟಿಲ ಬುಡಕ್ಕೆ ಬಂದರೆ ರನ್‌ವೇ ದೀಪಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ನಮಗಾಗಿ ಕಾಯುತ್ತಿದ್ದ. ನಲವತ್ತು ದಾಟಿದ ಆಳು, ಕೈಯಲ್ಲಿ ಒಂದು ಉದ್ದನೆಯ ಕಾಗದದ ಪಟ್ಟಿ. ಕರೆಂಟು ಹೋಗಿತ್ತಂತೆ. ಹೋದ ಒಂದು ಸೆಕೆಂಡಿಗೆ ಜನರೇಟರು ಎತ್ತಿಕೊಳ್ಳಬೇಕು, ಅದು ಎತ್ತಿಕೊಂಡಿರಲಿಲ್ಲ. ರೇಡಿಯೊ ಕಿರಣಕ್ಕೆ ಬೇರೆ ಬ್ಯಾಟರಿ ಇತ್ತು, ಅದು ನಿಲ್ಲಲಿಲ್ಲ. ದೀಪಗಳು ಮಾತ್ರ ಏಳು ಹನ್ನೆರಡಾಗಿ ಒಂಬತ್ತು ಸೆಕೆಂಡಿಗೆ ಆರಿ, ಐವತ್ತನೇ ಸೆಕೆಂಡಿಗೆ ಹತ್ತಿಕೊಂಡಿದ್ದವು. ನಾವು ನೆಲ ಮುಟ್ಟಿದ್ದು ಮೂವತ್ತೆರಡನೇ ಸೆಕೆಂಡಿಗೆ.

"ಸಾರ್, ಇಡೀ ರನ್‌ವೇಲಿ ಆಗ ಒಂದು ಬಲ್ಬೂ ಉರೀತಿರ್ಲಿಲ್ಲ" ಅಂದ. ಅವನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ್ದ.

ಸಾರ್ ಅವನ ಕಾಗದವನ್ನು ನಿಧಾನವಾಗಿ ಓದಿದರು. "ನನಗೆ ಮೂರು ಕಂಡ್ವಲ್ಲಪ್ಪ" ಅಂದರು. "ಮೂರೂ ಸಾಲಾಗಿ. ನಡುವಿಂದು ಸ್ವಲ್ಪ ಹಳದಿ ಹೊಡೀತಿತ್ತು."

ಎಲೆಕ್ಟ್ರಿಷಿಯನ್ ತಲೆ ಎತ್ತಿದ. ಅವನ ಮುಖ ಬಿಳಿಚಿಕೊಂಡದ್ದು ಆ ಮಂಜಿನಲ್ಲೂ ನನಗೆ ಕಾಣಿಸಿತು.

"ಹಳದೀನಾ ಸಾರ್? ಅದು ಹಳೇ ಬಲ್ಬು. ಹೋದ ವಾರವೇ ನಾನೇ ಬಿಚ್ಚಿ ಹೊಸದು ಹಾಕಿದ್ದೀನಿ. ಈಗ ಅಲ್ಲಿ ಹಳದಿ ಅನ್ನೋದೇ ಇಲ್ಲ."

  ಸಾರ್ ವಿಮಾನದ ಚಕ್ರದ ಪಕ್ಕದಲ್ಲಿ, ಹಾಗೇ ನೆಲದ ಮೇಲೆ, ಟೋಪಿ ತೆಗೆದು ಕೂತುಬಿಟ್ಟರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು.

"ನೀನು ಹೊರಗೆ ನೋಡಿದ್ಯೇನಮ್ಮ?"

ಅವರು ಬೈಯಲು ಕೇಳಲಿಲ್ಲ. ನೀರಿಗೆ ಬಿದ್ದವನು ದಡದವರನ್ನು ಕೇಳುವಂತೆ ಕೇಳಿದರು. ಹೌದು ನೋಡಿದೆ, ಏನೂ ಇರಲಿಲ್ಲ ಅಂದಿದ್ದರೆ ಅವರಿಗೆ ಒಂದು ಉತ್ತರ ಸಿಗುತ್ತಿತ್ತು. ಆದರೆ ನೋಡಿದ್ದು ತಪ್ಪು. ನೋಡಿಯೂ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಇನ್ನೊಂದು ವರ್ಷಕ್ಕೆ ನಾನು ಕ್ಯಾಪ್ಟನ್ ಆಗಿ ಎಡಗಡೆ ಸೀಟಿಗೆ ಹೋಗಬೇಕಾದವಳು.

"ಇಲ್ಲ ಸಾರ್. ಮೀಟರು ನೋಡ್ತಿದ್ದೆ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಮ್ಮ ಮುಖ್ಯ ಪೈಲಟ್ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕೆಲಸ ಮಾಡುವ ಮನುಷ್ಯ. ಅವರ ಕೋಣೆಯಲ್ಲಿ ಮೂವರೂ ಕೂತಿದ್ದಾಗ ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನೋಡಿ ಕ್ಯಾಪ್ಟನ್, ವಿಮಾನ ಇಳೀತು, ಯಾರಿಗೂ ಒಂದು ತರಚು ಇಲ್ಲ. ವಿಮಾನದ ಗಡಿಯಾರ ಬೇರೆ, ದೀಪದವರ ಗಡಿಯಾರ ಬೇರೆ. ನೀವು ನೋಡಿದ ಮೇಲೆ ದೀಪ ಆರಿದೆ ಅಂತ ಬರೆದ್ರೆ ಮುಗೀತು. ಎಂಟು ತಿಂಗಳಿದೆ ನಿಮಗೆ. ಮಲಗಿರೋ ನಾಯಿನ ಯಾಕೆ ಎಬ್ಬಿಸ್ತೀರಿ?"

"ಗಡಿಯಾರದ ಅಂಗಡಿಯಲ್ಲಿ ಬೆಳೆದೋನು ನಾನು" ಅಂದರು ಸಾರ್. "ಇಪ್ಪತ್ತು ಸೆಕೆಂಡು ತಪ್ಪೋ ಗಡಿಯಾರ ಎರಡೂ ಕಡೆ ಇಲ್ಲ." ಆಮೇಲೆ ವರದಿಯ ಹಾಳೆಯಲ್ಲಿ ಹೀಗೆ ಬರೆದರು: ನನಗೆ ಮೂರು ದೀಪ ಕಂಡವು. ಆಗ ಯಾವ ದೀಪವೂ ಉರಿಯುತ್ತಿರಲಿಲ್ಲ. ಎರಡೂ ನಿಜ.

ಮುಖ್ಯ ಪೈಲಟ್ ಅದನ್ನು ಓದಿ ಹಣೆ ಉಜ್ಜಿಕೊಂಡರು. "ಸರಿ, ರಜೆ ತಗೊಳ್ಳಿ. ಕಣ್ಣು ತೋರಿಸಿ, ಸಿಮ್ಯುಲೇಟರಿನಲ್ಲಿ ಪಾಸಾಗಿ ಬನ್ನಿ. ಆಮೇಲೆ ಹಾರಿಸಿ" ಅಂದರು. ನನ್ನ ಹೇಳಿಕೆಯ ಜಾಗದಲ್ಲಿ ನಾನು, ಮೀಟರು ನೋಡುತ್ತಿದ್ದೆ ಅಂತ ಒಂದು ಸಾಲು ಬರೆದು ಸಹಿ ಹಾಕಿದೆ.

ಕಣ್ಣಿನ ಡಾಕ್ಟರು, ಈ ವಯಸ್ಸಿಗೆ ಇಂಥ ಕಣ್ಣು ನಾನು ನೋಡಿಯೇ ಇಲ್ಲ ಅಂದರಂತೆ. ತಲೆಯನ್ನು ಸ್ಕ್ಯಾನ್ ಮಾಡಿದರು, ಅದೂ ಚೆನ್ನಾಗಿತ್ತು. ಏನಾದರೂ ಕಾಯಿಲೆ ಸಿಕ್ಕಿದ್ದರೆ ಅವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೋ ಏನೋ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ನನಗೆ ಫೋನ್ ಮಾಡಿದರು. "ಒಂಚೂರು ಮನೆಗೆ ಬಾ" ಅಂದರು, ಅಷ್ಟೇ. ಆ ದನಿಯಲ್ಲಿ ಎಂದಿನ ಚುರುಕು ಇರಲಿಲ್ಲ.

ಅವರದು ಮೂರನೇ ಮಹಡಿಯ ಮನೆ. ಬಾಗಿಲಿನಿಂದ ಹಿಂದಿನ ಕೋಣೆಯ ತನಕ ಉದ್ದ ಓಣಿಯಂಥ ನಡುಮನೆ, ಅದರ ಸೂರಿನಲ್ಲಿ ಸಾಲಾಗಿ ಮೂರು ಬಲ್ಬು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಕತ್ತಲು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ್ದರು. ಸಾರ್ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಸ್ವಿಚ್ಚಿನ ಹತ್ತಿರ ಹೋಗಿ ನಿಂತರು, ಕೈಯಲ್ಲಿ ಸರಿ ತಪ್ಪು ಬರೆದಿಡಲು ಶಾಲೆಯ ಹಾಜರಿ ಪುಸ್ತಕದಂಥ ಒಂದು ಪುಸ್ತಕ.

"ತಿರುಗಿ" ಅಂದರು ಅಕ್ಕ. ಅವರು ತಿರುಗಿದರು. ಅಕ್ಕ ತಕ್ಷಣ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಾದ ಕೂಡಲೇ ಎಷ್ಟು ಬಲ್ಬು ಉರಿಯುತ್ತಿದೆ ಅಂತ ಹೇಳಬೇಕು, ಅದು ಅವರ ನಿಯಮ.

"ಮೂರು" ಅಂದರು ಸಾರ್. "ನಡುವಿಂದು ಹಳದಿ."

ನನ್ನ ತಲೆಯ ಮೇಲೆ ಮೂರೂ ಬಲ್ಬು ಆರಿದ್ದವು. ನಾನು ನಿಂತಿದ್ದದ್ದು ಕತ್ತಲಲ್ಲಿ. ಅವರು ಆ ಕತ್ತಲನ್ನೇ, ಬೆಳಕನ್ನು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಅವರ ಕಣ್ಣು ನನ್ನ ತಲೆಯ ಮೇಲೆ ಒಂದೊಂದೇ ಬಲ್ಬಿನ ಕಡೆ ಸರಿದದ್ದು ಬಾಗಿಲ ಸಂದಿಯ ಬೆಳಕಿನಲ್ಲಿ ನನಗೆ ಕಾಣಿಸಿತು. ನಾನು ನನಗೆ ಗೊತ್ತಿಲ್ಲದೆ ಮೇಲೆ ನೋಡಿದೆ, ಎಲ್ಲಿ ನಿಜವಾಗಿಯೂ ಉರಿಯುತ್ತಿದೆಯೋ ಅಂತ.

"ಒಂದೂ ಹಾಕಿಲ್ಲ ರೀ" ಅಂದರು ಅಕ್ಕ. ಅಷ್ಟು ಹೇಳಿ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡು ಅತ್ತರು.

"ಎರಡು ಸೆಕೆಂಡು ಕೊಟ್ರೆ ಸರಿಯಾಗಿ ಹೇಳ್ತೀನಿ" ಅಂತ ಸಾರ್ ನನಗೆ ಹೇಳಿದರು, ಲೆಕ್ಕ ಒಪ್ಪಿಸುವ ಹುಡುಗನ ಹಾಗೆ. "ಒಂದೂ ತಪ್ಪಲ್ಲ. ಅರ್ಧ ಸೆಕೆಂಡಿನಲ್ಲಿ ಕೇಳಿದ್ರೆ ಐದಕ್ಕೆ ಒಂದು ತಪ್ಪು. ಅರ್ಧ ಸೆಕೆಂಡಿನಲ್ಲಿ ನನಗೆ ಕಾಣೋದು ಇವತ್ತಿಂದಲ್ಲ ಕಣಮ್ಮ, ನಿನ್ನೇದು."

ಅಡಿಗೆಮನೆಯಲ್ಲಿ ಟೀ ಸೋಸುತ್ತಾ ಅಕ್ಕ ಮೆಲ್ಲಗೆ ಹೇಳಿದರು. "ನಮ್ಮತ್ತೆಗೆ ಕೊನೇ ಆರು ವರ್ಷ ಕಣ್ಣು ಇರ್ಲಿಲ್ಲ. ಆದ್ರೂ ಮಗ ಬಾಗಿಲಿಗೆ ಬಂದ ಕೂಡ್ಲೇ, ನೀಲಿ ಶರಟು ಹಾಕಿದ್ದೀಯ ಅನ್ನೋರು. ಬಹಳ ಸಲ ಸರಿ ಇರ್ತಿತ್ತು. ನಾವು ನಗ್ತಿದ್ವಿ. ಒಂದಿನ ಇವರು ಊರಲ್ಲೇ ಇಲ್ಲ, ಹಾರೋದಕ್ಕೆ ಹೋಗಿದ್ರು. ಅತ್ತೆ ಬಾಗಿಲ ಕಡೆ ನೋಡ್ಕೊಂಡು, ಬಾ ಮಗ, ಯಾಕೆ ಹಾಗೇ ನಿಂತಿದ್ದೀಯ, ನೀಲಿ ಶರಟು ಹಾಕ್ಕೊಂಡು ಅಂತ ಕರೆದ್ರು. ನಾನು ಪಾತ್ರೆ ಕೈಲಿ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ." ಟೀ ಲೋಟವನ್ನು ನನ್ನ ಕೈಗೆ ಕೊಟ್ಟು ಮತ್ತೆ ಹೇಳಿದರು. "ಇವರಿಗೆ ಕಣ್ಣಿಂದು ಭಯ ಇಲ್ಲ. ಆವತ್ತು ಅಲ್ಲಿ ದೀಪ ಇತ್ತೋ ಇಲ್ವೋ ಅನ್ನೋದೇ ಭಯ. ಇಲ್ಲ ಅಂತ ಖಾತ್ರಿ ಆದ್ರೆ ನಾಳೇನೇ ಕೆಲಸ ಬಿಟ್ಟು ಮನೇಲಿರ್ತೀನಿ ಅಂತಾರೆ. ಇತ್ತು ಅಂತ ಆದ್ರೆ ಹಾರಿಸ್ತಾರೆ. ಎರಡರ ಮಧ್ಯ ಮನುಷ್ಯ ಒಣಗಿಹೋಗ್ತಿದ್ದಾರೆ. ರಾತ್ರಿ ಊಟಕ್ಕೆ ಕೂತ್ರೆ ತಟ್ಟೆ ಮುಟ್ಟಿ ನೋಡ್ತಾರೆ, ಇದೆಯಾ ಅಂತ."

ಆ ಅಡಿಗೆಮನೆಯಲ್ಲಿ ನಿಂತು ನಾನು ಹೇಳಬಹುದಿತ್ತು. ಖಾತ್ರಿ ಮಾಡಿಕೊಡಬಲ್ಲವಳು ಪ್ರಪಂಚದಲ್ಲಿ ನಾನೊಬ್ಬಳೇ. ಟೀ ಕುಡಿದು, ಲೋಟ ತೊಳೆದಿಟ್ಟು, ಬಂದೆ.

ಸಿಮ್ಯುಲೇಟರ್ ಅಂದರೆ ಉದ್ದ ಕಾಲುಗಳ ಮೇಲೆ ನಿಂತ ಒಂದು ಪೆಟ್ಟಿಗೆ. ಒಳಗೆ ಥೇಟು ನಮ್ಮ ವಿಮಾನದ ಕೋಣೆ, ಗಾಜಿನಾಚೆ ಚಿತ್ರದ ಆಕಾಶ, ಚಿತ್ರದ ಮಂಜು. ಕಲಿಸುವ ಮೇಷ್ಟ್ರು ಹಿಂದೆ ಕೂತು ಬಟನ್ನು ಒತ್ತುತ್ತಾರೆ. ತಮ್ಮ ಪರೀಕ್ಷೆಗೆ ಸಾರ್ ನನ್ನನ್ನೇ ಬಲಗಡೆ ಸೀಟಿಗೆ ಕೇಳಿದ್ದರು. ಮೇಷ್ಟ್ರಿಗೂ ಅವರೇ ಹೇಳಿದರು: "ಹೇಳದೆ ಕೇಳದೆ ದೀಪ ಆರಿಸ್ತಾ ಇರಿ. ಯಾವಾಗ ಆರಿಸ್ತೀರಿ ಅಂತ ನನಗೆ ಗೊತ್ತಾಗಬಾರದು. ದಾಕ್ಷಿಣ್ಯ ಬೇಡ."

ಮೊದಲ ಸಲ ದೀಪ ಉರಿಯುತ್ತಿತ್ತು. ಕಾಣ್ತು ಅಂದರು, ಇಳಿದೆವು. ಎರಡನೇ ಸಲ ಆರಿತ್ತು. ಕಾಣ್ಲಿಲ್ಲ ಅಂದು ಮೇಲೆತ್ತಿದರು. ನನಗೆ ಉಸಿರು ಬಂತು. ಮೂರನೇ ಸಲವೂ ಕಾಣ್ಲಿಲ್ಲ ಅಂದು ಮೇಲೆತ್ತಿದರು. ಮೇಷ್ಟ್ರು ಹಿಂದಿನಿಂದ ತಗ್ಗಿದ ದನಿಯಲ್ಲಿ, "ಸಾರ್, ಈ ಸಲ ಎಲ್ಲಾ ದೀಪ ಉರೀತಿತ್ತು" ಅಂದರು. ಸಾರ್ ತಲೆ ಅಲ್ಲಾಡಿಸಿದರು. "ಉರೀತಿತ್ತು. ಕಾಣ್ತಿತ್ತು. ನಂಬೋಕಾಗ್ಲಿಲ್ಲ. ಇನ್ನೊಂದು ಸಲ."

ನಾಲ್ಕನೇ ಸಲ ಇಳಿಯತೊಡಗಿದೆವು. ಸ್ಟೀರಿಂಗು ತಾನಾಗಿ ಎಡಕ್ಕೆ ಒಂದು ಚೂರು ಹೋಗಿ ಮತ್ತೆ ಬಂತು. ಐನೂರು. ಇನ್ನೂರು. ನೂರು.

"ಕಾಣ್ತು" ಅಂದರು. ಅದೇ ಸಮಾಧಾನದ ದನಿ. ಆವತ್ತಿನದೇ ದನಿ.

ನಾನು ತಲೆ ಎತ್ತಿದೆ. ಗಾಜಿನಾಚೆ ಬರೀ ಬೂದುಬಿಳುಪು. ಒಂದು ದೀಪವೂ ಇಲ್ಲ. ಈ ಸಲ ಹಿಂದೆ ಜನ ಇಲ್ಲ, ಕೆಳಗೆ ನೆಲ ಇಲ್ಲ, ಬಾಯಿಬಿಟ್ಟರೆ ನನ್ನ ಗಂಟು ಹೋಗುವುದೂ ಇಲ್ಲ. ಪರೀಕ್ಷೆಯೆಂದರೆ ಅದೇ ಅಲ್ಲವೇ? ಆದರೂ ನನ್ನ ನಾಲಿಗೆ ಏಳಲಿಲ್ಲ. ಗರ ಬಡಿದವಳ ಹಾಗೆ ಕೂತೆ. ಲಿವರುಗಳು ಹಿಂದೆ ಜಾರಿದವು. ಚಿತ್ರದ ವಿಮಾನ ಚಿತ್ರದ ನೆಲದ ಮೇಲೆ ಮೆತ್ತಗೆ ಇಳಿದು ಕತ್ತಲಲ್ಲಿ ನಿಂತಿತು. ಮೇಷ್ಟ್ರು ಒಳಗಿನ ಲೈಟು ಹಾಕಿದರು.

"ಸಾಕು" ಅಂದರು ಸಾರ್. ಬೆಲ್ಟು ಬಿಚ್ಚಿ ಎದ್ದರು.

ಇದಾದ ಮೇಲೆ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅವರು ಅದೇ ಸಂಜೆ ರಾಜೀನಾಮೆ ಕೊಟ್ಟರು. ನಾನು ಎರಡು ದಿನ ಬಿಟ್ಟು ನನ್ನ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡು ಸರಿಯಾದದ್ದು ಬರೆದುಕೊಟ್ಟೆ. ನಾಲ್ಕು ತಿಂಗಳು ನನ್ನನ್ನು ಹಾರಲು ಬಿಡಲಿಲ್ಲ, ಎಡಗಡೆ ಸೀಟು ಮೂರು ವರ್ಷ ತಡವಾಯಿತು. ಹಾಗೆ ಆಗಬೇಕಾದದ್ದೇ. ಅಕ್ಕ ಕಿಟಕಿಯ ಕಂಬಳಿಗಳನ್ನು ಬಿಚ್ಚಿ ಒಗೆದು ಹಾಕಿದರು. ಅವರ ಪುಸ್ತಕ ಏನಾಯಿತೋ ನಾನು ಕೇಳಲಿಲ್ಲ. ಆದರೆ ನನಗೆ ಹೇಳಬೇಕಾಗಿರುವುದು ಸಿಮ್ಯುಲೇಟರಿನಿಂದ ಹೊರಗೆ ಬಂದಮೇಲಿನ ಹತ್ತು ನಿಮಿಷದ ಮಾತು.

ಕಾರು ನಿಲ್ಲಿಸುವ ಅಂಗಳದಲ್ಲಿ ಮಟಮಟ ಮಧ್ಯಾಹ್ನ. ಊಟ ಮುಗಿಸಿ ಬಂದ ಆಫೀಸಿನ ಜನ ನೆರಳಲ್ಲಿ ನಿಂತು ಹರಟುತ್ತಿದ್ದರು. ಸಾರ್ ತಮ್ಮ ಕಾರಿನ ಬಾಗಿಲು ತೆಗೆದು, ಸೀಟಿನ ಮೇಲೆ ಕೈ ಒತ್ತಿ ನೋಡಿ, ಇನ್ನೇನು ಕೂರಬೇಕು, ನಾನು ಹೇಳಿದೆ.

"ಸಾರ್, ಆವತ್ತು ನಾನು ಹೊರಗೆ ನೋಡಿದ್ದೆ."

ಅವರು ಹಾಗೇ ಬಗ್ಗಿಕೊಂಡೇ ನಿಂತರು.

"ನೀವು ಕಾಣ್ತು ಅಂದ ಕೂಡ್ಲೇ ನೋಡಿದೆ. ಏನೂ ಇರ್ಲಿಲ್ಲ ಸಾರ್. ಒಂದೂ ದೀಪ ಇರ್ಲಿಲ್ಲ."

ಅವರು ನೆಟ್ಟಗೆ ನಿಂತು, ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ಅಬ್ಬಾ" ಅಂದರು. ಮತ್ತೆ "ಅಬ್ಬಾ" ಅಂದರು. ಇಷ್ಟು ದಿನದಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ ಅವರ ಭುಜ ಕೆಳಗೆ ಬಂತು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು ಬರುತ್ತಿತ್ತು. "ಇರ್ಲಿಲ್ಲ. ಹಂಗಾದ್ರೆ ಇರ್ಲಿಲ್ಲ. ಮುಗೀತು. ನನಗೆ ಅಷ್ಟು ಗೊತ್ತಾದ್ರೆ ಸಾಕಾಗಿತ್ತು." ಅವರು ನನಗೆ ಬೈಯುತ್ತಾರೆ ಅಂತ ಕಾದಿದ್ದೆ. ಬೈದಿದ್ದರೆ ಎಷ್ಟೋ ಸುಲಭವಿತ್ತು.

ನಗು ಸ್ವಲ್ಪ ಸ್ವಲ್ಪವಾಗಿ ಆರಿತು. ಅವರ ಎಂದಿನ ಒಂದು ಗಳಿಗೆ, ಖಾತ್ರಿ ಮಾಡಿಕೊಳ್ಳುವ ಗಳಿಗೆ.

"ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ನೀವು ಕಾಣ್ತು ಅಂದ್ರಲ್ಲ ಸಾರ್."

"ಇವತ್ತೂ ನೋಡಿದ್ಯಾ? ಒಳಗೆ?"

"ನೋಡಿದೆ."

"ಇವತ್ತೂ ಸುಮ್ಮನಿದ್ದೆ."

 ನಾನು ನೆಲ ನೋಡಿಕೊಂಡು ನಿಂತೆ. ಅವರು ಕಾರಿನ ಬಾಗಿಲು ಹಾಕಿ ನನ್ನ ಎದುರಿಗೆ ಬಂದು ನಿಂತರು.

"ಏನು ಕಾಣ್ತು ನಿನಗೆ ಆವತ್ತು? ಇನ್ನೊಂದ್ಸಲ ಹೇಳು."

"ಕಾಣ್ಲಿಲ್ಲ ಸಾರ್."

"ಕೇಳಿಸ್ತಿಲ್ಲ."

"ಕಾಣ್ಲಿಲ್ಲ."

"ನೂರ ಎಂಬತ್ತು ಜನ ಹಿಂದೆ ಕೂತಿದ್ದಾರೆ. ಪಕ್ಕದಲ್ಲಿ ಕೂತಿರೋ ಮುದುಕನಿಗೆ ತಲೆ ಕೆಟ್ಟಿದೆ. ಜೋರಾಗಿ ಹೇಳು."

"ಕಾಣ್ಲಿಲ್ಲ!" ಅಂತ ಕಿರುಚಿದೆ. ನೆರಳಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದರು. 

ಅವರು ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟರು.

"ಆವತ್ತು ಇಷ್ಟೇ ಬೇಕಾಗಿತ್ತು ಕಣಮ್ಮ" ಅಂದರು.